ಹೊಟ್ಟೆಯ ಜಾಗದಲ್ಲಿ ಮೋಡ

ಭಾನುವಾರ, ಬೆಳಗ್ಗೆ

ರೀ,

ಕ್ಷೇಮವಷ್ಟೆ? ನಿನ್ನೆ ಟೀವಿಯಲ್ಲಿ ಮಾಯವಾದ ಮೈ ಪೂರ್ತಿ ವಾಪಸು ಬಂದಿದೆ ತಾನೆ? ಇಲ್ಲಿ ನಾನೂ ಮಗಳೂ ಚೆನ್ನಾಗಿದ್ದೇವೆ. ನಕ್ಕೂ ನಕ್ಕೂ ಪಕ್ಕೆ ನೋಯುತ್ತಿದೆ, ಅಷ್ಟೇ.

ಹವಾಮಾನ ಹೇಳಲು ಬಂದು ನಿಂತಿರಿ ನೋಡಿ, ಬರೀ ತಲೆ ಮತ್ತು ಎರಡು ಕೈ! ಹೊಟ್ಟೆಯ ಜಾಗದಲ್ಲಿ ಮೋಡ ತೇಲುತ್ತಿತ್ತು. ಬೆನ್ನ ಹಿಂದಿರುವುದು ಹಸಿರು ಪರದೆ, ಹಸಿರು ಕಂಡಲ್ಲೆಲ್ಲ ಯಂತ್ರ ನಕ್ಷೆ ತುಂಬುತ್ತದೆ ಎಂದು ಮದುವೆಯ ಹೊಸತರಲ್ಲಿ ನೀವೇ ನನಗೆ ಪಾಠ ಹೇಳಿದ್ದಿರಿ. ಅಂಥವರು ಹಸಿರು ಕೋಟು ತೊಟ್ಟು ನಿಲ್ಲುವುದೇ? ಸ್ಟುಡಿಯೋದಲ್ಲಿ ಪಕ್ಕಕ್ಕಿಟ್ಟ ಟೀವಿಯಲ್ಲಿ ನಿಮ್ಮನ್ನೇ ನೋಡಿ ಗಾಬರಿಯಾಗಿ ಹೊಟ್ಟೆ ಮುಟ್ಟಿ ಮುಟ್ಟಿ ನೋಡಿಕೊಂಡಿರಲ್ಲ, ಆಗ ಮಗಳು ಸೋಫಾದಿಂದ ಕೆಳಗೆ ಬಿದ್ದಳು. ಅಪ್ಪ ಅರ್ಧ ಖಾಲಿಯಾಗ್ಬಿಟ್ರು ಕಣಮ್ಮಾ ಎಂದಳು. ನೇರ ಪ್ರಸಾರ, ತಿದ್ದುವಂತಿಲ್ಲ, ಅಳಿಸುವಂತಿಲ್ಲ. ಕೊನೆಗೆ ಕೋಟು ಕಿತ್ತೆಸೆದು ಓಡಿದಿರಿ. ಓಡುವಾಗ ಬೆನ್ನು ಕಂಡಿತು. ನಿಮ್ಮ ಹೊಸ ಸಂಸಾರದಾಕೆ ಅಂಗಿಯ ಮುಂಭಾಗಕ್ಕಷ್ಟೇ ಇಸ್ತ್ರಿ ಹಾಕುತ್ತಾಳೇನು?

ಕೋಟು ಕಳಿಸಿದ್ದು ನೀನೇ ಎಂದು ಫೋನಿನಲ್ಲಿ ಕೂಗಾಡಿದಿರಿ. ಹೌದು, ನಾನೇ. ರಾತ್ರಿಯ ಮುಖ್ಯ ವಾರ್ತೆ ಇನ್ಮೇಲೆ ನಂಗೇ ಕೊಡ್ತಾರಂತೆ, ಶನಿವಾರ ಚಾನೆಲ್ ಮಾಲೀಕರು ಖುದ್ದು ಬಂದು ನೋಡ್ತಾರಂತೆ, ಬೀರುವಿನಲ್ಲಿರೋ ಕಂದು ಕೋಟು ಕಳ್ಸು ಎಂದು ಮಗಳ ಕೈಲಿ ಹೇಳಿ ಕಳಿಸಿದ್ದಿರಿ. ಬೀರುವಿನಲ್ಲಿ ಎರಡು ಕೋಟುಗಳಿದ್ದವು. ಒಂದು ನಾನು ಆರಿಸಿದ ಕಂದು. ಇನ್ನೊಂದು ನೀವೊಬ್ಬರೇ ಅಂಗಡಿಗೆ ಹೋಗಿ ಕಂದು ಎಂದುಕೊಂಡು ಹೊತ್ತು ತಂದ ಹಸಿರು. ಕತ್ತಲಿತ್ತು, ಕಾಣಲಿಲ್ಲ ಎನ್ನಲೇ? ದೀಪ ಉರಿಯುತ್ತಿತ್ತು.

ನಿಮ್ಮ ಕಣ್ಣಿಗೆ ಕಂದೂ ಒಂದೇ, ಹಸಿರೂ ಒಂದೇ ಎಂಬುದು ನನ್ನೊಬ್ಬಳಿಗೇ ಗೊತ್ತಿತ್ತು. ಕೆಲಸ ಹೋದೀತೆಂದು, ಯಾರಿಗೂ ಹೇಳುವುದಿಲ್ಲ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಿರಿ. ಅದಕ್ಕೇ ದಿನಾ ಬೆಳಗೆದ್ದು ನಿಮ್ಮ ಬಟ್ಟೆ ತೆಗೆದಿಡುತ್ತಿದ್ದೆ. ಆಕೆಗೂ ನೀವು ಹೇಳಿಲ್ಲವೆಂದು ನಿನ್ನೆ ತಿಳಿಯಿತು. ನಾಚಿಕೆಯೇ? ನನ್ನೆದುರು ಮಾತ್ರ ನಿಮಗೆ ಎಂದೂ ನಾಚಿಕೆಯಾಗಲಿಲ್ಲ. ನಮ್ಮನ್ನು ಬಿಟ್ಟು ಆಕೆಯ ಮನೆಗೆ ಹೊರಟ ದಿನವೂ ಯಾವ ಅಂಗಿ ಹಾಕ್ಕೊಳ್ಲಿ ಎಂದು ನನ್ನನ್ನೇ ಕೇಳಿದಿರಿ. ನಾನೂ ತೆಗೆದುಕೊಟ್ಟೆ. ಆ ಉರಿ ಇನ್ನೂ ಆರಿಲ್ಲ ರೀ.

ಆರೋಗ್ಯ ನೋಡಿಕೊಳ್ಳಿ.

ಇತಿ,
ಕಾಗದಪತ್ರದಲ್ಲಿ ಇನ್ನೂ ನಿಮ್ಮವಳೇ ಆದ
ಹೆಂಡತಿ

ವಿ.ಸೂ.: ಇಷ್ಟು ಬರೆದು ಮುಗಿಸುವಷ್ಟರಲ್ಲಿ ನಿಮ್ಮ ಮಾಲೀಕರ ಫೋನ್ ಬಂತು. ನಿಮ್ಮ ಯಜಮಾನ್ರು ನಂಗೆ ಬಣ್ಣ ಸರಿಯಾಗಿ ಕಾಣಲ್ಲ, ಬೇಕಿದ್ರೆ ನನ್ನ ಹೆಂಡ್ತೀನ ಕೇಳಿ ಅಂತ ಅಳ್ತಾ ಕೂತಿದ್ದಾರಮ್ಮ, ನಿಜ ಆದ್ರೆ ಹೇಳ್ಬಿಡಿ, ಕೆಲಸದಿಂದ ತೆಗೆಯಲ್ಲ, ಬೇಕಂತ ಮಾಡಿದ್ರೆ ಮಾತ್ರ ಇವತ್ತೇ ಮನೆಗೆ ಕಳಿಸ್ತೀನಿ ಎಂದರು. ನಿಮಗೆ ಕೊಟ್ಟ ಮಾತನ್ನು ನಾನು ಎಂದಾದರೂ ಮುರಿದಿದ್ದೇನೆಯೇ? ಅಯ್ಯೋ, ಅವರ ಕಣ್ಣಿಗೇನಾಗಿದೆ ಸಾರ್, ಮೊದ್ಲಿಂದ್ಲೂ ಸ್ವಲ್ಪ ತಮಾಷೆ ಜಾಸ್ತಿ ಎಂದೆ.