ಸೊಟ್ಟಗಿಲ್ಲದ ಗೋಡೆಯೂ ಸ್ನಾನವಿಲ್ಲದ ನಾನೂ

ವಲಸೆ ಖಾತೆಯ ಮಾನ್ಯ ಸಚಿವರೇ,

ಬೇಸಿಗೆ ಶುರುವಾದಂದಿನಿಂದ ನಾನು ನನ್ನ ಮನೆಯಲ್ಲಿ ಸ್ನಾನ ಮಾಡಿಲ್ಲ. ಇದಕ್ಕೆ ನೇರ ಕಾರಣ ತಾವು. ತಮ್ಮ ಸ್ನಾನ ಮಾತ್ರ ಸುಸೂತ್ರವಾಗಿ ನಡೆಯುತ್ತಿದೆಯೆಂದು ನಂಬಿದ್ದೇನೆ.

ಲಿಂಕನ್‌ಷೈರಿನ ನಮ್ಮ ಊರಿನಲ್ಲಿ ಬಚ್ಚಲಿಗೆ ಟೈಲ್ಸ್ ಕೂರಿಸಬೇಕೆಂದರೆ ಲಾಟ್ವಿಯಾದ ಗುಂಟಿಸ್ಸೇ ಬರಬೇಕು. ಪ್ರತಿ ವರ್ಷ ಬಂದು, ನಾಲ್ಕಾರು ಮನೆಗಳ ಗುತ್ತಿಗೆ ಮುಗಿಸಿ, ಹೆಂಡತಿ ಮಕ್ಕಳ ಬಳಿಗೆ ಮರಳುತ್ತಾನೆ. ಬರುವ ಮಾರ್ಚಿನಲ್ಲಿ ನಾವು ಬ್ರಿಟನ್ನಿನವರು ಯುರೋಪಿನ ಒಕ್ಕೂಟದಿಂದ ಹೊರಬಿದ್ದ ಮೇಲೆ ಇಂಥವರಿಗೆ ಕೆಲಸದ ಪರವಾನಗಿ ಬೇಕೇ, ಬೇಕಾದರೆ ಸಿಗುತ್ತದೆಯೇ ಎಂದು ತಮ್ಮ ಕಚೇರಿಯನ್ನು ಕೇಳಿದೆ. ‘ನಿಯಮಗಳು ರೂಪುಗೊಳ್ಳುತ್ತಿವೆ’ ಎಂದರು. ರೂಪುಗೊಳ್ಳಲಿ ಸ್ವಾಮಿ, ಶಿಲ್ಪಿಗಳೇ ನಾಚುವಂತೆ ರೂಪುಗೊಳ್ಳಲಿ! ಅಷ್ಟರಲ್ಲಿ ನಮ್ಮೂರ ಪಬ್ಬು ತನ್ನದೇ ನಿಯಮ ಹೊರಡಿಸಿಬಿಟ್ಟಿತು: ಕೈಯಲ್ಲಿ ಅರ್ಧ ಕೆಲಸ ಇಟ್ಟುಕೊಂಡವನನ್ನು ಯಾರೂ ದೇಶದಿಂದ ಕದಲಿಸುವಂತಿಲ್ಲವಂತೆ.

ನನ್ನ ಯಜಮಾನರು ಡೆಸ್ಮಂಡ್, ಒಕ್ಕೂಟದಿಂದ ಹೊರಬರಬೇಕೆಂದೇ ಮತ ಹಾಕಿದವರು. ಗುಂಟಿಸ್ ಇನ್ನು ಬರಲಾರನೇನೋ ಎಂದಾಗ ಮುಖ ಸಣ್ಣದಾಯಿತು. “ನಾನು ಹೇಳಿದ್ದು ಇವನಿಗಲ್ಲ ಕಣೇ, ಬೇರೆಯವರಿಗೆ” ಎಂದರು. ಬೇರೆಯವರು ಯಾರು? ಅವರಿಗೂ ಗೊತ್ತಿಲ್ಲ. ಪರಿಚಯವಿದ್ದವನು ಗುಂಟಿಸ್ ಒಬ್ಬನೇ.

‘ಹೋಗಬೇಡಪ್ಪಾ’ ಎಂದು ಬಾಯಿಬಿಟ್ಟು ಹೇಳುವ ಜಾಯಮಾನ ನಮ್ಮ ಕಡೆಯ ಗಂಡಸರಿಗೆ ಇಲ್ಲವಲ್ಲ. ಪಬ್ಬಿನ ನಿಯಮವನ್ನೇ ನಂಬಿ ಇವರು, ಟೀ ಕೊಟ್ಟು ತಪ್ಪು ಹುಡುಕತೊಡಗಿದರು.

“ಗುಂಟಿಸ್, ಆ ಸಾಲು ಸ್ವಲ್ಪ ಸೊಟ್ಟ ಇದೆಯಲ್ಲಯ್ಯಾ.”

“ಸೊಟ್ಟಾನಾ?” ಅವನು ರಸಮಟ್ಟ ತಂದು ಗೋಡೆಗಿಟ್ಟ. ಗುಳ್ಳೆ ನಟ್ಟನಡುವೆ ನಿಂತಿತು. “ನೋಡಿ ಯಜಮಾನ್ರೇ, ಕದಲ್ತಾ ಇದೆಯಾ?”

“ಅದು ನಿಮ್ಮ ಯುರೋಪಿನ ರಸಮಟ್ಟ. ಹೊರಗೆ ಬಂದ್ಮೇಲೆ ನಮ್ಮ ಮಟ್ಟ ನಮ್ದು. ಕೀಳು, ಕೀಳು!”

ಕಿತ್ತ. ಕೂರಿಸಿದ. ಮತ್ತೆ ಕೀಳಿಸಿದರು. ನಾನು ಟವೆಲು ಹಿಡಿದು ಎದುರುಮನೆಯ ಈನಿಡ್ ಬಳಿ ಹೋದರೆ, “ಏನೇ ಹಿಲ್ಡಾ, ಸಾಮ್ರಾಜ್ಯ ಕಟ್ಟೋಕೂ ಇಷ್ಟು ಹೊತ್ತು ಹಿಡೀಲಿಲ್ವಲ್ಲೇ!” ಎಂದು ನಗುತ್ತಾಳೆ. ಹಿತ್ತಲಿಗೆ ಹಾಕಿದ ನಮ್ಮ ಸ್ನಾನದ ತೊಟ್ಟಿಯಲ್ಲಿ ಮಳೆನೀರು ನಿಂತು, ಯುರೋಪಿನಿಂದ ಹಾರಿಬಂದ ಬಾತುಕೋಳಿಯೊಂದು ದಿನಾ ಮುಳುಗೇಳುತ್ತಿದೆ. ಅದರ ಪರವಾನಗಿಯನ್ನು ಯಾರು ಕೇಳಿದರು?

ಕೊನೆಗೊಂದು ದಿನ ಗುಂಟಿಸ್ ಸಾಮಾನು ಕಟ್ಟಿದ. “ಬೇರೆಯವರನ್ನ ನೋಡ್ಕೊಳ್ಳಿ ಅಮ್ಮಾ. ನನ್ನ ಕೆಲಸಾನ ಸೊಟ್ಟ ಅಂದೋರು ಇಲ್ಲೀವರೆಗೆ ಹುಟ್ಟಿರ್ಲಿಲ್ಲ.”

ನಿಜ ಹೇಳಿಬಿಟ್ಟೆ. ಅವನು ಡೆಸ್ಮಂಡ್‌ರನ್ನೇ ದಿಟ್ಟಿಸಿದ. ಅವರು ಕಿಟಕಿಯತ್ತ ತಿರುಗಿ, “ಮೋಡ ಆಗ್ತಿದೆ, ಅಲ್ವಾ?” ಎಂದರು. ಗುಂಟಿಸ್ ಸಾಮಾನು ಎತ್ತಿಕೊಂಡು ಹೊರಟ.

ಮರುದಿನ ಬೆಳಿಗ್ಗೆ ಹಾಜರಾದ. ಗೋಡೆಯ ಮುಂದೆ ನಿಂತು ತಲೆ ವಾರೆ ಮಾಡಿ, “ಯಜಮಾನ್ರೇ, ಈ ಮೂಲೆ ಒಂಚೂರು ಸೊಟ್ಟ ಅನ್ಸುತ್ತಪ್ಪ” ಎಂದು ತಾನೇ ಉಳಿ ಎತ್ತಿಕೊಂಡ!

ಈಗ ಹೋದರೆ ಮತ್ತೆ ಬಿಡುತ್ತಾರೋ ಇಲ್ಲವೋ ಎಂದು ಅವನು ಊರಿಗೆ ಹೋಗುತ್ತಿಲ್ಲ. ಅವನು ಹೋಗಿಬಿಟ್ಟಾನೆಂದು ಇವರು ಕೆಲಸ ಮುಗಿಸಗೊಡುತ್ತಿಲ್ಲ. ಆದ್ದರಿಂದ ಮಾನ್ಯರೇ, ಹೋಗಿ ಬರುವ ಪರವಾನಗಿಯೊಂದನ್ನು ಕೂಡಲೇ ದಯಪಾಲಿಸಿ. ಅವನು ಮಕ್ಕಳ ಮುಖ ನೋಡಲಿ, ನಾನು ಬಿಸಿನೀರಿನ ಮುಖ ನೋಡುತ್ತೇನೆ. ಇಲ್ಲವಾದರೆ ಸೋಪಿನ ಸಮೇತ ತಮ್ಮ ನಿವಾಸಕ್ಕೇ ಬರುವೆ. ಅಲ್ಲಿ ಟೈಲ್ಸ್ ಕೂರಿಸಿದವರು ಯಾವ ಊರಿನವರೆಂದು ಅಷ್ಟರೊಳಗೆ ವಿಚಾರಿಸಿಟ್ಟಿರಿ.

ಇಂತಿ,
ಬಾತುಕೋಳಿಯ ನಂತರದ ಸರದಿಯಲ್ಲಿರುವ
ಹಿಲ್ಡಾ ತ್ರಸೆಲ್