ಗುರುವಾರದ ಮರೆವು

ಲೈಡನ್,
ನವೆಂಬರ್ ೨೪, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮ ಯೋರಿಸ್‌ಗೆ,

ಹೇಗಿದ್ದೀಯೋ? ಬೆನ್ನುನೋವು ಇಳಿಯಿತೇ? ನಿನ್ನ ಹೂಳೆತ್ತುವ ಹಡಗು ಇನ್ನೂ ಬ್ರೆಜಿಲ್ ತೀರದಲ್ಲೇ ಇದೆಯೋ, ಇಲ್ಲ ಬೇರೆ ಯಾರದಾದರೂ ಬಂದರನ್ನು ಕೆರೆಯಲು ಹೊರಟಿದೆಯೋ? ದಿನಾ ಅನ್ನ ಮತ್ತು ಬೀನ್ಸ್ ತಿಂದು ಸಾಕಾಯಿತು ಎಂದು ಬರೆದಿದ್ದೆ. ಅಮ್ಮ ಅದನ್ನು ಎರಡು ಸಲ ಓದಿಸಿಕೊಂಡು, "ಇಲ್ಲಿದ್ದಾಗ ನನ್ನ ಅಡುಗೆಗೆ ಹೆಸರಿಡ್ತಿದ್ದ, ಅನುಭವಿಸಲಿ" ಎಂದು ಸಂತೋಷಪಟ್ಟಳು. ಅವಳ ಮಂಡಿನೋವು ಮೊದಲಿನಂತೆಯೇ ಇದೆ, ನಾಲಿಗೆ ಮೊದಲಿಗಿಂತ ಚುರುಕಾಗಿದೆ. ನನಗೆ ನಲವತ್ತಾರಕ್ಕೆ ಓದುವ ಕನ್ನಡಕ ಬಂತು. ಡಿಸೆಂಬರ್ ಐದರ ಸಂತ ನಿಕೊಲಾಸ್ ಹಬ್ಬಕ್ಕೆ ಮನೆಮಂದಿಯ ಮೇಲೆಲ್ಲ ಚೇಷ್ಟೆಯ ಪದ್ಯ ಕಟ್ಟುವ ಕೆಲಸ ಎಂದಿನಂತೆ ನನ್ನ ತಲೆಗೇ ಬಿದ್ದಿದೆ. ನಿನ್ನದು ಆಗಲೇ ಸಿದ್ಧ:

ಕಡಲಿನ ತಳವನೆ ಎತ್ತುವ ಜಾಣ,
ತಿಂದ ತಟ್ಟೆಯನೆತ್ತಲು ಇಲ್ಲ ತ್ರಾಣ.

ಈಗ ಅಪ್ಪನ ವಿಷಯ. ನೀನು ಕಾದು ಕೂತಿರುವುದೂ ಅದಕ್ಕೇ ಎಂದು ಬಲ್ಲೆ. ಪ್ರತಿ ಗುರುವಾರ ಅಪ್ಪ ಕೊರ್ರಿ ಚಿಕ್ಕಮ್ಮನಿಗೆ ಬಟಾಣಿ ಸೂಪ್ ಒಯ್ಯುವುದು, ಇಲ್ಲಿಂದ ರೈಲು, ಹೇಗ್ ನಗರದ ಅಂಚಿನ ಆ ಸಣ್ಣ ನಿಲ್ದಾಣದಲ್ಲಿ ಇಳಿದು ಸಮುದ್ರದ ಕಡೆಗೆ ಟ್ರಾಮು ಹಿಡಿಯುವುದು ನಿನಗೆ ಗೊತ್ತೇ ಇದೆ. ಅಲ್ಲಿ ಗೇಟಿಲ್ಲ, ಪ್ಲಾಟ್‌ಫಾರ್ಮಿನ ತುದಿಯಲ್ಲಿ ಒಂದು ಕಂಬ, ಅಷ್ಟೆ. ರೈಲು ಇಳಿದವರು ಕಂಬಕ್ಕೆ ಕಾರ್ಡ್ ತೋರಿಸಿ ಪೀಪ್ ಅನ್ನಿಸಿ ಚೆಕ್‌ಔಟ್ ಆಗಬೇಕು, ಟ್ರಾಮಿನೊಳಗೆ ಹೊಸದಾಗಿ ಇನ್ನೊಂದು ಪೀಪ್. ನಲವತ್ತು ವರ್ಷ ರೈಲಿನಲ್ಲಿ ಕಂಡಕ್ಟರಾಗಿದ್ದ ನಮ್ಮಪ್ಪ, ಟಿಕೆಟ್ ಮರೆತ ಸ್ವಂತ ಭಾವಮೈದುನನನ್ನೇ ನಡುದಾರಿಯಲ್ಲಿ ಇಳಿಸಿದ ಪುಣ್ಯಾತ್ಮ, ಐದು ಗುರುವಾರ ಸಾಲಾಗಿ ಆ ಕಂಬವನ್ನು ಮರೆತ.

ಮರೆತಾಗಲೆಲ್ಲ ಕಾರ್ಡಿನಿಂದ ಹೆಚ್ಚಿಗೆ ಕಡಿದ ಹಣ ವಾಪಸು ಕೇಳಿ ಕಂಪ್ಯೂಟರಿನಲ್ಲಿ ಮನವಿ ತುಂಬಿದವಳು ನಾನು. 'ಕಾರಣ' ಎಂಬ ಜಾಗದಲ್ಲಿ ಮೊದಲ ಸಲ ಪ್ರಾಸ ಹಾಕಿ ಬರೆದೆ, ಎರಡನೆಯ ಸಲವೂ ಬರೆದೆ. ನಾಲ್ಕನೆಯ ಸಲ ಪ್ರಾಸ ಹೊಳೆಯಲಿಲ್ಲ. ಬರೀ 'ಮರೆವು' ಎಂದು ಬರೆದೆ. ತಾತನಿಗೂ ಹೀಗೇ ಅಲ್ಲವೇ ಶುರುವಾದದ್ದು? ಮೊದಲು ಛತ್ರಿ, ಆಮೇಲೆ ದಾರಿ, ಕೊನೆಗೆ ನಮ್ಮ ಹೆಸರು. ಅದಕ್ಕೇ ಅವತ್ತು ಫೋನಿನಲ್ಲಿ ನಾವಿಬ್ಬರೂ ಆ ತೀರ್ಮಾನಕ್ಕೆ ಬಂದೆವು: ಆರನೆಯ ಸಲ ಮರೆತರೆ ಕಾರ್ಡ್ ನನ್ನ ಮೇಜಿನ ಡ್ರಾಯರಿಗೆ, ಅಪ್ಪನ ಗುರುವಾರಕ್ಕೆ ಮಂಗಳ. ಬುದ್ಧಿ ಹೇಳುವ ಪತ್ರ ನಿನ್ನದು, ಕಿತ್ತುಕೊಳ್ಳುವ ಕೈ ನನ್ನದು.

ಕಿತ್ತುಕೊಳ್ಳುವ ಮೊದಲು ಒಮ್ಮೆ ಕಣ್ಣಾರೆ ನೋಡೋಣವೆಂದು ಮೊನ್ನೆ ಗುರುವಾರ ಅರ್ಧ ದಿನ ರಜೆ ಹಾಕಿ ಅದೇ ರೈಲಿನ ಹಿಂದಿನ ಬೋಗಿಯಲ್ಲಿ ಕೂತೆ. ಅಪ್ಪನನ್ನು ಕಳ್ಳಿಯಂತೆ ಹಿಂಬಾಲಿಸುವುದು ಎಂಥ ಕೆಲಸವೋ! ಆ ನಿಲ್ದಾಣದಲ್ಲಿ ಇಳಿದು ಚಾಕೊಲೇಟ್ ಮಾರುವ ಯಂತ್ರದ ಹಿಂದೆ ಅಡಗಿದೆ. ಅಪ್ಪ ನೆಟ್ಟಗೆ ಕಂಬದ ಹತ್ತಿರ ಹೋದ. ಸೂಪಿನ ಚೀಲ ಕೆಳಗಿಟ್ಟ, ಕೋಟಿನ ಗುಂಡಿ ಹಾಕಿಕೊಂಡ, ಕಂಬದ ಪಕ್ಕ ಸೆಟೆದು ನಿಂತ. ಕಾರ್ಡ್ ತೆಗೆಯಲಿಲ್ಲ!

ಶುರುವಾಯಿತು ನೋಡು. "ಏ ಹುಡುಗೀ, ಫೋನ್ ಆಮೇಲೆ, ಪೀಪ್ ಮೊದಲು!" "ಅಮ್ಮಾ, ನೀವು ಕಾರ್ಡ್ ತೋರಿಸ್ತಿರೋದು ಕಸದ ಡಬ್ಬಕ್ಕೆ, ಕಂಬ ಈ ಕಡೆ." ಟೈ ಕಟ್ಟಿದ ಒಬ್ಬ ನುಸುಳಿಕೊಂಡು ಹೋಗುತ್ತಿದ್ದವನು, "ಏನು ತಾತ, ರೈಲ್ವೆಯವರು ಇನ್ನೂ ನಿಮ್ಮನ್ನ ಬಿಟ್ಟಿಲ್ವಾ?" ಎಂದ. "ಅವರು ಬಿಟ್ಟು ಹನ್ನೆರಡು ವರ್ಷ ಆಯ್ತು, ನಾನು ಬಿಟ್ಟಿಲ್ಲ. ಕಾರ್ಡ್ ತೆಗೀರಿ" ಎಂದ ಅಪ್ಪ. ರೈಲಿಳಿದ ಒಬ್ಬೊಬ್ಬರನ್ನೂ ಪೀಪ್ ಅನ್ನಿಸಿಯೇ ಕಳಿಸಿದ. ಅಷ್ಟರಲ್ಲಿ ಕೆಳಗಿನಿಂದ ಟ್ರಾಮಿನ ಗಂಟೆ ಕೇಳಿತು. ಅಪ್ಪ ಬೆಚ್ಚಿಬಿದ್ದು ಚೀಲ ಎತ್ತಿಕೊಂಡು ಮೆಟ್ಟಿಲ ಕಡೆ ಓಡಿದ, ಕಾರ್ಡ್ ಜೇಬಿನಲ್ಲೇ!

ಟ್ರಾಮು ಬಂತು, ಅಪ್ಪ ಓಡಿದ,
ಕಂಬ ನಿಂತಲ್ಲೇ ನಿಂತು ನೋಡಿದ.

ಕಂಬಕ್ಕೆ 'ನೋಡಿದ' ಎಂದರೆ ತಪ್ಪು, ಗೊತ್ತು, ಪ್ರಾಸಕ್ಕಾಗಿ ಕ್ಷಮಿಸು. ಯಂತ್ರದ ಹಿಂದೆ ನಾನೊಬ್ಬಳೇ ನಕ್ಕೆ, ನಗುತ್ತಾ ಅತ್ತೆ, ಆಮೇಲೆ ಅಪ್ಪನ ಹಿಂದೆಯೇ ಓಡಿ ಟ್ರಾಮು ಹತ್ತಿದೆ. "ಅಪ್ಪಾ, ಕಂಬಕ್ಕೆ ಕಾರ್ಡ್ ತೋರಿಸಿದ್ಯಾ?" ಎಂದಾಗ ಅಪ್ಪ ಜೇಬು ಮುಟ್ಟಿಕೊಂಡ. "ಆರನೇದಾ?" ಎಂದ. ನಾವು ಎಣಿಸುತ್ತಿರುವುದು ಅವನಿಗೆ ಗೊತ್ತಿತ್ತು, ಯೋರಿಸ್. "ನನ್ನಪ್ಪಂಗಾದ ಹಾಗೇ ನಂಗೂ ಶುರುವಾಯ್ತು ಅಂದ್ಕೊಂಡಿದೀನಿ ಲೀಸ್. ನಿಮ್ಮಮ್ಮಂಗೆ ಹೇಳಿಲ್ಲ" ಎಂದು ತಗ್ಗಿದ ದನಿಯಲ್ಲಿ ಹೇಳಿ ಸೂಪಿನ ಚೀಲವನ್ನು ತಬ್ಬಿ ಹಿಡಿದುಕೊಂಡ. ನಾನು ಕಂಡದ್ದನ್ನೆಲ್ಲ ಹೇಳಿದೆ. ಟ್ರಾಮಿನ ಡ್ರೈವರ್ ನಾದಿಯಾ, ಗುರುವಾರಗಳಿಂದ ಅಪ್ಪನಿಗೆ ಪರಿಚಯವಾದಾಕೆ, ಮುಂದೆ ಕೂತೇ ಎಲ್ಲ ಕೇಳಿಸಿಕೊಂಡವಳು, ಕನ್ನಡಿಯಲ್ಲೇ ನಮ್ಮನ್ನು ನೋಡಿ, "ಅಲ್ಲಾ ಖೇರಿಟ್ ತಾತ, ನಲವತ್ತು ವರ್ಷ ಕಂಡಕ್ಟರಾಗಿದ್ರಿ, ನಿಮ್ಮ ಟಿಕೆಟ್ ಯಾರಾದ್ರೂ ಕೇಳಿದ್ರಾ? ಡ್ಯೂಟಿ ಮೇಲಿದ್ದೀನಿ ಅಂದ್ಕೊಂಡು ಇಳೀತೀರಿ, ಇನ್ನೆಲ್ಲಿ ನೆನಪಾಗತ್ತೆ?" ಎಂದಳು.

ಅಪ್ಪ ನಕ್ಕ ನೋಡು, ಚೀಲದಲ್ಲಿ ಸೂಪಿನ ಮುಚ್ಚಳ ಕಟಕಟ ಅಂದಿತು. ಟ್ರಾಮಿಗೆ ಟ್ರಾಮೇ ನಕ್ಕಿತು. ಅಲ್ಲೇ ಕಾನೂನೂ ಆಯಿತು: ಮುಂದಿನ ಗುರುವಾರದಿಂದ ಅಪ್ಪ ಟ್ರಾಮಿನ ಬಾಗಿಲ ಬಳಿ ಬಂದರೆ ಎಲ್ಲರೂ ಒಟ್ಟಿಗೆ, "ಕಂಡಕ್ಟರ್, ನಿಮ್ಮ ಕಾರ್ಡ್?" ಎಂದು ಕೇಳುವುದು, ಕಂಬದ ಪೀಪ್ ಆಗಿಲ್ಲವೆಂದರೆ ನಾದಿಯಾ ಬಾಗಿಲು ತೆಗೆಯುವುದಿಲ್ಲ. ಅಪ್ಪನ ಜೊತೆ ಅವರ ಮನೆಗೆ ಹೋಗಿ ಹೇಳಿದರೆ ಅಮ್ಮನಿಗೆ ಕಿಂಚಿತ್ತೂ ಆಶ್ಚರ್ಯವಿಲ್ಲ. "ಊಟಕ್ಕೆ ಕೂತಾಗ್ಲೂ ಅಷ್ಟೇ, ಎಲ್ಲರ ತಟ್ಟೆ ನೋಡ್ತಾ ತನ್ನದು ತಣ್ಣಗಾಗೋಕೆ ಬಿಡ್ತಾನೆ. ನನ್ನ ಕೇಳಿದ್ರೆ ಹೇಳ್ತಿರಲಿಲ್ವಾ?" ಎಂದಳು. ನಾವು ಕೇಳಲೇ ಇಲ್ಲವಲ್ಲ! ಡಾಕ್ಟರ ಹತ್ತಿರ ಒಮ್ಮೆ ತೋರಿಸಿಬರುತ್ತೇನೆ ಎಂದು ಅಪ್ಪ ತಾನಾಗಿಯೇ ಒಪ್ಪಿದ್ದಾನೆ. ಈಗ ಹೆದರಿಕೆಯಿಲ್ಲ, ಅವನಿಗೂ ನನಗೂ.

ಬೆನ್ನಿಗೆ ಎಣ್ಣೆ ಹಚ್ಚಿಕೋ. ಅಮ್ಮನ ಆಶೀರ್ವಾದ, ಅಪ್ಪನ ಅಪ್ಪುಗೆ, ಕೊರ್ರಿ ಚಿಕ್ಕಮ್ಮನ ಎರಡು ಜೊತೆ ಉಣ್ಣೆಯ ಕಾಲುಚೀಲ ಇದರ ಜೊತೆಗೇ ಬರುತ್ತಿವೆ.

ನಿನ್ನ ಅಕ್ಕ,
ಲೀಸ್ಬೆತ್

ತಾ.ಕ.: ಅಪ್ಪನಿಗೆ ಬುದ್ಧಿ ಹೇಳಿ ಬರೆಯುತ್ತೇನೆ ಎಂದಿದ್ದೆಯಲ್ಲ, ಆ ಪತ್ರ ಹರಿದುಹಾಕು. ಬಂದರೆ ನಾನೇ ಹರಿಯುತ್ತೇನೆ. ಇನ್ನೊಂದು, ಅಮ್ಮನಿಗೆ ಹೇಳಬೇಡ: ಇವತ್ತು ಬೆಳಿಗ್ಗೆ ನನ್ನ ಕಾರ್ಡಿನ ಪ್ರಯಾಣಪಟ್ಟಿ ನೋಡಿದರೆ, ಗುರುವಾರ ಆ ನಿಲ್ದಾಣದಲ್ಲಿ ನನ್ನ ಚೆಕ್‌ಔಟೂ ಇಲ್ಲ! ಅಪ್ಪನಿಗೆ ಫೋನ್ ಮಾಡಿದೆ. ಬಿದ್ದು ಬಿದ್ದು ನಕ್ಕ. ಸೇಬಿನ ಕೇಕ್ ಹಿಡಿದು ಮನವಿ ತುಂಬಿಸಲು ಬರುತ್ತಿದ್ದಾನೆ, 'ಕಾರಣ'ಕ್ಕೆ ಪ್ರಾಸವನ್ನೂ ತಾನೇ ಹೊಸೆದಿದ್ದಾನೆ:

ಅಪ್ಪನ ಹಿಂದೆ ಓಡಿದ ಮಗಳು
ಕಂಬವ ಮರೆತಳು, ಪಾಪ, ಮರುಳು.

ಬಾಗಿಲು ಬಡಿಯುತ್ತಿದ್ದಾನೆ. ಬರಲೇ?