ಬಲಕ್ಕೆ ಬಿದ್ದ ಹೂವು

ಹಾಸನ
೧೨ ಆಗಸ್ಟ್ ೨೦೦೪

ಪ್ರೀತಿಯ ಅಕ್ಕನಿಗೆ ಗಿರಿಧರ ಮಾಡುವ ನಮಸ್ಕಾರಗಳು.

ನಾಮಕರಣಕ್ಕೆ ಬಂದು ಹೋದವನು ಮತ್ತೆ ಮುಖ ತೋರಿಸಲಿಲ್ಲ. ಹೊಳೆನರಸೀಪುರಕ್ಕೆ ಬೇಕೆಂದಾಗ ಬಸ್ಸಿದೆ, ಆದರೂ ಕಾಗದ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಪೂರ್ತಿ ಓದಿದ ಮೇಲೆ ಬೈ. ನಿನ್ನೆದುರು ಕೂತು ಹೇಳುವ ಧೈರ್ಯ ನನಗಿಲ್ಲ.

ಪುಟ್ಟನ ಕತ್ತು ಇನ್ನೂ ನಿಲ್ಲುತ್ತಿಲ್ಲವೆಂದು ಭಾವ ಫೋನಿನಲ್ಲಿ ಹೇಳಿದರು. ಅವನಕ್ಕ ಸಂಹಿತಾಳಿಗೂ ಆ ವಯಸ್ಸಿನಲ್ಲಿ ಹಾಗೇ ಶುರುವಾಗಿತ್ತು. "ಗಿರಿ ಲೆಕ್ಕ ಹಾಕಿ ನೋಡಿದಾನಲ್ಲ, ಇದು ಬೇರೆ ಏನೋ ಇರ್ಬೇಕು ಅಂತಾಳೆ ಕಣಯ್ಯ ನಿಮ್ಮಕ್ಕ" ಎಂದರು.

ಬೇರೆ ಏನೂ ಅಲ್ಲ ಅಕ್ಕ, ಅದೇ.

ಸಂಹಿತಾಳ ರಕ್ತಪರೀಕ್ಷೆಯಲ್ಲಿ ಒಂದು ಪ್ರೋಟೀನಿನ ಒಂದೇ ಒಂದು ಅಮೈನೋ ಆಮ್ಲ ಬದಲಾಗಿದೆ ಎಂದು ಬಂದಿತ್ತು. ಕಾಯಿಲೆಗೆ ಅದೇ ಕಾರಣವಾದರೆ ಮುಂದಿನ ಮಗುವಿಗೂ ಬರಬಹುದು, ಆದರೆ ಖಚಿತವಾಗಿ ಹೇಳಲಾರೆವು ಎಂದಿದ್ದರು ಡಾಕ್ಟರು. ನಾನು ಅಡುಗೆಮನೆಯಲ್ಲಿ ಕೂತು ನಿನಗೆ ಬಿಡಿಸಿ ಹೇಳಿದ್ದೆ. ಪ್ರೋಟೀನು ಎಂದರೆ ಅಪ್ಪ ಪೂಜೆಗೆ ಒಯ್ಯುವ ಹಾರದ ಹಾಗೆ, ಅಮೈನೋ ಆಮ್ಲಗಳೇ ಅದರ ಹೂವುಗಳು. ಬುಟ್ಟಿಯಲ್ಲಿ ಮಡಿಸಿಟ್ಟಾಗ ಕೆಟ್ಟ ಹೂವು ಮೇಲಿದ್ದರೆ ಚಿಂತೆಯಿಲ್ಲ, ಒಳಗೆ ಸಿಕ್ಕಿಕೊಂಡರೆ ಹಾರವೆಲ್ಲ ಕೆಡುತ್ತದೆ. ಈ ಪ್ರೋಟೀನು ಹೇಗೆ ಮಡಿಸಿಕೊಂಡಿದೆ ಎಂದು ಆಗ ಯಾರೂ ಕಂಡಿರಲಿಲ್ಲ. ಅದನ್ನು ಹೋಲುವ, ರೂಪ ಗೊತ್ತಿರುವ ಇನ್ನೊಂದನ್ನು ಅಚ್ಚಾಗಿ ಇಟ್ಟುಕೊಂಡು ಕಾಲೇಜಿನ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಊಹಿಸಿದೆ. ಬದಲಾದ ಜಾಗ ಮೇಲಿದೆ, ಹೆದರಬೇಡ ಎಂದೆ. ಆ ಮಾತು ನಂಬಿ ನೀನು ಪುಟ್ಟನನ್ನು ಹೆತ್ತೆ.

ಹೋದ ತಿಂಗಳು ಹೊರದೇಶದವರು ಅದರ ನಿಜರೂಪವನ್ನು ಎಕ್ಸ್‌-ರೇಯಿಂದ ಕಂಡುಹಿಡಿದು ಪ್ರಕಟಿಸಿದ್ದಾರೆ. ಆ ಜಾಗ ಒಳಗಿದೆ, ನಟ್ಟನಡುವೆ.

ಆಗ ಅಪ್ಪ, ಇನ್ನೊಂದು ಮಗು ಆಗಬಹುದೇ ಎಂದು ದೇವರ ಮೇಲೆ ಹೂವಿಟ್ಟು ಪ್ರಸಾದ ಕೇಳಿದ್ದು ನೆನಪಿದೆಯಾ? ಬೇಡವೆಂದು ಎಡಕ್ಕೆ ಬಿತ್ತು. ನಿನ್ನ ಮುಖ ನೋಡಲಾರದೆ ಇನ್ನೊಂದು ಹೂವಿಟ್ಟರು, ಅದು ಬಲಕ್ಕೆ ಬಿತ್ತು. "ಬಲಕ್ಕೆ ಬೀಳೋ ತನಕ ಕೇಳೋದಾದ್ರೆ ದೇವರ್ಯಾಕೆ ಬೇಕಪ್ಪ" ಎಂದು ನಾನು ನಕ್ಕೆ. ಅಪ್ಪ ತಲೆ ತಗ್ಗಿಸಿದರು.

ಪುಟ್ಟನನ್ನು ತಡಮಾಡದೆ ಡಾಕ್ಟರಿಗೆ ತೋರಿಸಿ. ನೀನು ಬಾ ಎಂದರೆ ನಾನೂ ಜೊತೆಗಿರುತ್ತೇನೆ. ಭಾವನವರಿಗೆ ನಮಸ್ಕಾರ. ನನ್ನ ಬಾಯಲ್ಲಿ ಆಶೀರ್ವಾದಕ್ಕೆ ಬೆಲೆ ಉಳಿದಿದ್ದರೆ ಮಕ್ಕಳಿಬ್ಬರಿಗೂ ಅದು ಇರಲಿ.

ನಿನ್ನ ತಮ್ಮ,
ಗಿರಿಧರ

ತಾ.ಕ.: ಮೊದಲ ಸಲ ಲೆಕ್ಕ ಹಾಕಿದಾಗ ಕಂಪ್ಯೂಟರು ಆ ಜಾಗ ಒಳಗಿದೆ ಎಂದೇ ತೋರಿಸಿತ್ತು. ನೀನು ಅಟ್ಟದಿಂದ ತೊಟ್ಟಿಲು ಇಳಿಸಿ ಒರೆಸುತ್ತಿದ್ದದ್ದು ಕಣ್ಣ ಮುಂದೆ ಬಂತು. ಅಚ್ಚು ಬದಲಿಸಿ ಇನ್ನೊಮ್ಮೆ ಹಾಕಿದೆ, ಮೇಲಿದೆ ಎಂದು ಬಂತು. ಅಪ್ಪ ಎರಡನೆಯ ಹೂವನ್ನು ನಿನ್ನೆದುರಿಗೇ ಇಟ್ಟರು. ನಾನು ಮೊದಲನೆಯದರ ಸುದ್ದಿಯನ್ನೇ ನಿನಗೆ ಹೇಳಲಿಲ್ಲ.